ಗಿಣ್ಣು

ಇಲಾಖೆ ಕೊಟ್ಟಿದ್ದು ಒಂದು ಟಾರ್ಚು, ಒಂದು ಸೀಟಿ,
ಮೂರೂವರೆ ಅಡಿಯ ಫೈಬರ್ ಲಾಠಿ.
ಹದಿನಾಲ್ಕು ವರ್ಷದಿಂದ ಹಾರನಹಳ್ಳಿಯ ಈ ಗುಡಿಯನ್ನು
ನಾಯಿಯಿಂದ, ಸೆಲ್ಫಿಯಿಂದ, ಹೆಸರು ಕೆತ್ತುವ ಜೋಡಿಗಳಿಂದ
ಕಾಯುತ್ತ ಬಂದಿದ್ದೇನೆ.
ಯಾರಿಗೂ ಒಂದೇಟು ಹಾಕಿದ್ದಿಲ್ಲ.

ಮಾಳಿಗೆ ಸೋರುತ್ತದೆಂದು ಸಾರುವೆ ಕಟ್ಟಲು
ಅರಸೀಕೆರೆಯಿಂದ ಗಳ ಹೇರಿಕೊಂಡು ಬಂದ ಮೇದರ ಹಾಲಪ್ಪ.
ಬೀಡಿ ಹಚ್ಚಬಾರದು ಎಂದೆ. ಕಿವಿಯ ಮೇಲಿಟ್ಟುಕೊಂಡು
ಜಗತಿ ಹತ್ತಿದ.
ದೇವರ ಕಡೆ ತಿರುಗಲಿಲ್ಲ; ನೇರ ಗೋಡೆಗೇ ಹೋದ,
ಸಂತೆಯಲ್ಲಿ ಬೇರೆಯವರ ಮಾಲು ನೋಡುವವನ ಹಾಗೆ.

"ಇದು ಬಿದಿರು," ಅಂದ.
ದನ ಕಾಯುವವನೊಬ್ಬ ಕಾಲಿಗೆ ಕಾಲು ಹೆಣೆದು
ಕಂಕುಳಿಗೆ ಕೋಲು ಕೊಟ್ಟು ನಿಂತಿದ್ದಾನೆ, ಅಂಗೈಯಗಲದ ಬಳಪದ ಕಲ್ಲಲ್ಲಿ.
"ಗಿಣ್ಣು ನೋಡಿ. ಬುಡಕ್ಕೆ ಒತ್ತೊತ್ತು,
ಮೇಲೆ ಹೋಗ್ತಾ ದೂರ ದೂರ.
ಕಂಡು ಕೆತ್ತಿದಾನೆ. ಕೇಳಿ ಕೆತ್ತಿದ್ದಲ್ಲ."

ಜಿಂಕೆಯ ನಾಲ್ಕೂ ಕಾಲು ಕಟ್ಟಿ ಇಬ್ಬರು ಬೇಡರು
ಹೊತ್ತು ನಡೆದಿದ್ದರು. "ಗಳ ಬಗ್ಗೇ ಇಲ್ಲ," ಎಂದು ಗೊಣಗಿದ.
"ಜಿಂಕೆಗೆ ಇಷ್ಟಾದ್ರೂ ತೂಕ ಬೇಡ್ವ? ಇದನ್ನ
ಮಗನ ಕೈಲಿ ಕೆತ್ತಿಸಿರಬೇಕು, ತಾನು ಉಣ್ಣಕ್ಕೆ ಕೂತಾಗ."

ಬಾಗಿಲ ಬಳಿ ಗದೆ ಊರಿ ನಿಂತವನನ್ನು ನಾನೇ ತೋರಿಸಿದೆ,
ನಮ್ಮ ಪೈಕಿ ಎಂದು. ಅವನು ನಗಲಿಲ್ಲ.
ಆನೆಯ ಮೇಲಿನ ಅಂಕುಶಕ್ಕೆ
"ಕಮ್ಮಾರಂದು, ನಂದಲ್ಲ" ಎಂದು ದಾಟಿದ.
ಕೋಲಾಟದ ಹೆಂಗಸರ ಮುಂದೆ ಮಾತ್ರ ತಡವಾಯಿತು.
ಎರಡು ಬೆರಳು ಎತ್ತಿ ಗಾಳಿಯನ್ನೇ ತಟ್ಟಿದ.
"ಬೈನೆಯೋ ಕಗ್ಗಲಿಯೋ. ಬಿದಿರಾದ್ರೆ ಸೀಳ್ತದೆ."
ಏಳೆಂಟು ನೂರು ವರ್ಷದಿಂದ ಎತ್ತಿದ ಕೋಲು ಎತ್ತಿದಂತೆಯೇ,
ಇನ್ನೊಂದಕ್ಕೆ ತಾಗಲು ನೂಲಿನಷ್ಟು ಬಾಕಿ.
ಆ ಸದ್ದು ನನಗೆಂದೂ ಕೇಳಿಸಿರಲಿಲ್ಲ.
ಈಗಲೂ ಕೇಳಿಸಲಿಲ್ಲ, ಸುಳ್ಳೇಕೆ.

ಮುದಿ ಜೋಗಿಯೊಬ್ಬ ಕವೆಗೋಲಿಗೆ ಗಲ್ಲ ಆನಿಸಿ
ತೂಕಡಿಸುತ್ತಿದ್ದಾನೆ ಅತ್ತ.
ಹಾಲಪ್ಪ ಅಲ್ಲಿ ಏನೂ ಹೇಳದೆ
ತನ್ನ ಸೊಂಟ ಹಿಡಿದುಕೊಂಡ.

ಪಡುವಣ ತಿರುವಿನಲ್ಲಿ ಒಬ್ಬಳಿದ್ದಾಳೆ.
ಮುಖ ಸವೆದಿದೆ. ಮುಷ್ಟಿಯಿದೆ, ಮುಷ್ಟಿಯಲ್ಲಿ ತೂತಿದೆ,
ಹಿಡಿದದ್ದು ಎಂದೋ ಮುರಿದುಹೋಗಿದೆ.
ಗೈಡುಗಳು ಬಾಣ ಎನ್ನುತ್ತಾರೆ. ಒಬ್ಬ ಮೇಷ್ಟರು
ಕಂಠವೆಂದು ಮಕ್ಕಳ ನೋಟ್‌ಬುಕ್ಕಿಗೇ ಬರೆಸಿ ಹೋಗಿದ್ದಾರೆ.
ಹಾಲಪ್ಪ ಕಿರುಬೆರಳು ತೂರಿಸಿದ. ಮೊದಲ ಗಿಣ್ಣಿಗೆ ನಿಂತಿತು.
"ಒಳಗೆ ನುಣುಪಿದೆ. ಆಡ್ತಿತ್ತು ಇದು, ಸುಮ್ನೆ ಹಿಡಿದಿದ್ದಲ್ಲ.
ಮೊಸರು ಕಡೆಯೋಳೋ ಏನೋ...
ಇಲ್ಲ. ನಮ್ಮವ್ವ ಹಿಂಗೇ ಹಿಡಿಯೋಳು,
ಮೊರದ ಅಂಚಿಗೆ ದಬ್ಬೆ ಸುತ್ತೋವಾಗ."

ಅಂದದ್ದಕ್ಕೆ ತಾನೇ ನಾಚಿದವನಂತೆ
ನನ್ನ ಲಾಠಿ ಇಸಿದುಕೊಂಡ. ತಿರುಗಿಸಿದ, ನೆಲಕ್ಕೆ ಕುಟ್ಟಿದ,
ಮೂಸಿಯೂ ನೋಡಿ ವಾಪಸು ಕೊಟ್ಟ:
"ಗಿಣ್ಣೇ ಇಲ್ವಲ್ಲ ಸ್ವಾಮಿ. ಎಲ್ಲಿ ಬೆಳೀತದೆ ಇದು?"

ಸಾರುವೆ ಎದ್ದಿತು, ಮೂರು ತಿಂಗಳಿಗೆ ಇಳಿಯಿತು.
ಅವನ ಬಿಲ್ಲು ಇನ್ನೂ ಪಾಸಾಗಿಲ್ಲ; ಫೋನು ಮಾಡುತ್ತಿರುತ್ತಾನೆ,
ಕೊನೆಯಲ್ಲಿ ಕೇಳುತ್ತಾನೆ, ಆ ಯಮ್ಮ ಹೆಂಗೈತೆ?

ಹೋದ ಶನಿವಾರ, ನಾಲ್ಕನೇ ಕ್ಲಾಸಿನ ತಸ್ಮಿಯಾ
ಐಸ್‌ಕ್ಯಾಂಡಿ ಚೀಪಿ ಮುಗಿಸಿ ಉಳಿದ ಕಡ್ಡಿಯನ್ನು
ಆ ಮುಷ್ಟಿಗೆ ಸಿಕ್ಕಿಸಿದಳು. ತುದಿಗೆ ಕಿತ್ತಳೆ ಬಣ್ಣ ಹತ್ತಿತ್ತು.
ಸೀಟಿ ಬಾಯಿಯವರೆಗೆ ಬಂದಿತ್ತು ನನಗೆ.
ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ದಂಡ ಎಂದಿದೆ.
ದಂಡ ಅಂದರೆ ಕೋಲು ಅಂತಲೂ ಅರ್ಥ.

ಬೀಗ ಹಾಕುವ ಮುನ್ನ ತೆಗೆದುಬಿಡೋಣವೆಂದು ಹೋದೆ.
ಮುಟ್ಟಿದರೆ ಆಡಿತು. ಬೀಳಲಿಲ್ಲ.
ರಿಜಿಸ್ಟರಿನಲ್ಲಿ ಎಂದಿನಂತೆ ಬರೆದೆ:
ಎಲ್ಲಾ ಸರಿ ಇದೆ.