ನಿನ್ನ ಬಾಲ್ಕನಿ, ನನ್ನ ಸೂರು

ನುಗ್ಝರ್,
ನಗರಸಭೆಯ ಹುಡುಗ ರಸಮಟ್ಟ ಇಟ್ಟು
ಗುಳ್ಳೆ ನಿಲ್ಲುವ ತನಕ ಕಾದು ಹೇಳಿದ್ದಿಷ್ಟೇ:
ನಿನ್ನ ಬಾಲ್ಕನಿ ಎರಡು ಬೆರಳು ಇಳಿದಿದೆ.
ಎಲ್ಲಿಗೆ ಇಳಿದಿದೆ ಅಂತ ಅವನು ಬರೆದುಕೊಳ್ಳಲಿಲ್ಲ.
ನನ್ನ ನೆತ್ತಿಗೆ, ಮತ್ತೆಲ್ಲಿಗೆ?

ಇಪ್ಪತ್ತಾರು ವರ್ಷ ಈ ತ್ಬಿಲಿಸಿಯಲ್ಲಿ
ಟ್ರಾಮ್ ಓಡಿಸಿದವಳು ನಾನು.
ತುಂಬಿದ ಬಂಡಿ ತಿರುವಿನಲ್ಲಿ ಹೇಗೆ ನರಳುತ್ತದೆಂದು ಬಲ್ಲೆ.
ಹಾಗೇ ನರಳುತ್ತದೆ ರಾತ್ರಿ ನಿನ್ನ ನೆಲ.
ಅದಕ್ಕೇ ಹತ್ತಿ ಬಂದೆ, ಕರೆಯದೆ,
ಮೂರು ಹಳೇ ಹೊದಿಕೆ ಹೆಗಲಿಗೇರಿಸಿ.

ಒಂದು, ಬೇಕು.
ಒಂದು, ಬೇಡ.
ಮೂರನೆಯದನ್ನು ನೀನೇ ಹಾಸಿದೆ: ಬೇಕಾದೀತು.

ಒಂಟಿ ಸ್ಕೀ. ಬೇಕಾದೀತು.
ಹೊಲಿಗೆ ಯಂತ್ರದ ಪೆಡಲು, ಯಂತ್ರವಿಲ್ಲ. ಬೇಕಾದೀತು.
ಚೀಲದೊಳಗಿನ ಚೀಲದೊಳಗಿನ ಚೀಲ,
ಅದರೊಳಗೆ ಗಾಳಿ, ಯಾವ ವರ್ಷದ್ದೋ.
ಹಿಡಿ ಇಲ್ಲದ ಕೊಡೆ, ಬಟ್ಟೆ ಇಲ್ಲದ ಕೊಡೆ,
ಎರಡೂ ಸೇರಿ ಒಂದಾದೀತು ಎಂದೆ.
ಆದೀತು, ಆದೀತು, ಆದೀತು!
ಆದದ್ದೊಂದನ್ನು ತೋರಿಸು ಮಾರಾಯಾ ಎಂದರೆ
ಕಿಟಕಿಯಾಚೆ ನೋಡಿದೆ.

ಸಂಜೆಯ ಹೊತ್ತಿಗೆ ಬೇಕು ಅಂಗೈಯಗಲ,
ಬೇಡದ ಮೇಲೆ ನಿನ್ನ ಬೆಕ್ಕು ಮಲಗಿತ್ತು,
ಬೇಕಾದೀತು ಹೊಸಿಲು ದಾಟಿ
ಮೆಟ್ಟಿಲು ಮೆಟ್ಟಿಲಾಗಿ ನನ್ನ ಮನೆಯತ್ತಲೇ ಹರಿದಿತ್ತು.

ನನಗೆ ಗೊತ್ತಿರುವುದು ಟ್ರಾಮಿನ ವಿದ್ಯೆ ಒಂದೇ:
ಇಳಿಯುವವರು ಮೊದಲು, ಹತ್ತುವವರು ಆಮೇಲೆ.
ಹೊಸ ಬಾಣಲೆ ಬಂತೋ, ಹಳೆಯದು ಇಳಿಯಬೇಕು.
ದಿನದ್ದು ಕೈಮಟ್ಟಕ್ಕೆ,
ವರ್ಷದ್ದು ಅಟ್ಟಕ್ಕೆ,
ನೆಲ ಕಾಲಿಗೆ.
ಮೊಳೆ ಹೊಡೆದರೆ ಬಕೀಟೂ ಗೋಡೆಗೆ ಒಗ್ಗುತ್ತದೆ.
ದಿನಕ್ಕೊಂದೇ ಡ್ರಾಯರು, ಹೆಚ್ಚು ಬೇಡ;
ಎರಡನೆಯದಕ್ಕೆ ಕೈ ಹಾಕಿದೆಯೋ
ಮೊದಲನೆಯದರ ಮಾತು ನಿನಗೆ ಕೇಳುವುದಿಲ್ಲ.

ಬುಧವಾರ ಇಡೀ ಜಾಡಿಗಳ ಪಾಲು.
ಮುಚ್ಚಳವಿಲ್ಲದ ಜಾಡಿ, ಜಾಡಿಯಿಲ್ಲದ ಮುಚ್ಚಳ.
ಸಂಬಂಧ ಕುದುರಿಸುವವರ ಹಾಗೆ ಎದುರುಬದುರು ಕೂತು
ತಿರುಗಿಸಿದೆವು, ಒತ್ತಿದೆವು, ಇಲ್ಲವೆಂದು ಬದಿಗಿಟ್ಟೆವು.
ನಲವತ್ತೊಂದು ಜೋಡಿ ಕೂಡಿತು.
ಉಳಿದವಕ್ಕೆ ಋಣವಿಲ್ಲ ಎಂದೆ.
ನೀನು ಒಂದು ತುಕ್ಕು ಮುಚ್ಚಳವನ್ನು
ಜೇಬಿಗೆ ಸೇರಿಸಿದ್ದು ಕಂಡೆ, ಸುಮ್ಮನಾದೆ.
ಕೆಳಮನೆಯ ತ್ಸಿಯಾಲಾ ಹುಳಿ ಪ್ಲಮ್ ಬೇಯಿಸುತ್ತಿದ್ದಳು.
ಜಾಡಿಗಳ ಹೊತ್ತು ಇಳಿದೆವು;
ಅವಳ ಮೇಜಿನ ಮೇಲೆ ಅವು ಸಾಲಾಗಿ
ಬಾಯಿ ತೆರೆದು ನಿಂತವು, ಗೂಡಿನ ಮರಿಗಳಂತೆ.

ಶುಕ್ರವಾರ, ಸ್ಕೀಯ ಹಿಂದೆ, ಮೂಲೆಯಲ್ಲಿ,
ಒಂದು ತಗಡಿನ ಆಲಿಕೆ.
ಅಂಚಿನಲ್ಲಿ ನೀಲಿ ಬಣ್ಣದ ಚುಕ್ಕೆ.
ಆ ಚುಕ್ಕೆ ಇಟ್ಟದ್ದು ನಾನೇ.
ಕರೆಂಟಿಲ್ಲದ ಆ ಚಳಿಗಾಲ, ಇಡೀ ಕಟ್ಟಡಕ್ಕೆ
ಸೀಮೆಎಣ್ಣೆ ಸುರಿಯಲು ಇದ್ದದ್ದು ಇದೊಂದೇ ಆಲಿಕೆ.
ಮನೆಯಿಂದ ಮನೆಗೆ ಕೈ ಬದಲಾಗುತ್ತ ಹೋಗಿ
ಕೊನೆಗೆ ಯಾರ ಬಳಿ ನಿಂತಿತೆಂದು
ಆರು ಮನೆಯವರನ್ನು ಮನಸಲ್ಲೇ ಕಳ್ಳರೆಂದಿದ್ದೆ.
ಈಗಲೂ ಮೂಸಿದರೆ ಅದೇ ವಾಸನೆ.

ಈಗ ನಮಗೆ ಗ್ಯಾಸಿದೆ, ದೀಪವಿದೆ.
ಆಲಿಕೆ ಹಿಡಿದು ಮೂರು ಹೊದಿಕೆಗಳ ನಡುವೆ ನಿಂತೆ.
ನೀನು ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದೆ.
ಬಾಯಿ ನನ್ನದೇ, ಮಾತು ನಿನ್ನದು:
ಬೇಕಾದೀತು.
ಎಷ್ಟು ನಕ್ಕೆ ನೀನು! ಬೆಕ್ಕು ಎದ್ದು ಹೋಯಿತು.

ಅದು ಈಗ ನನ್ನ ಅಡುಗೆಮನೆಯ ಮೊಳೆಯಲ್ಲಿದೆ.
ಅದಕ್ಕೆ ಜಾಗ ಬಿಡಲು ಎರಡು ಜರಡಿ ಇಳಿದವು;
ನಿಯಮ ನಿಯಮವೇ.

ನಿನ್ನೆ ರಾತ್ರಿ ಮೇಲಿಂದ ಸದ್ದು.
ನರಳಿಕೆಯಲ್ಲ, ಹೆಜ್ಜೆ.
ಹನ್ನೊಂದು ಆಚೆಗೆ, ಹನ್ನೊಂದು ಈಚೆಗೆ.
ಮೊದಲು ಅಲ್ಲಿ ಮೂರು ಹೆಜ್ಜೆಗೂ ತಾವಿರಲಿಲ್ಲ.
ಸೂರಿಗೆ ಬಡಿಯೋಣವೆಂದು ಪೊರಕೆ ಹಿಡಿದು ಎದ್ದವಳು
ಎಣಿಸುತ್ತ ನಿಂತೆ,
ಎಲ್ಲೋ ಏಳಕ್ಕೆ ನೀನು ನಿಂತಾಗ
ನಾನೂ ಉಸಿರು ಹಿಡಿದು.