ಕಡಿತ

ಜನವರಿ. ನಡುಮಧ್ಯಾಹ್ನಕ್ಕೂ ದೀಪ ಹಚ್ಚಿಕೊಂಡೇ ಕೂತಿದ್ದೇನೆ.
ವಾರ್ಡೊ ಬಂದರಿಗೆ ಸೂರ್ಯ ಬರಲು ಇನ್ನೂ ಒಂಬತ್ತು ದಿನ,
ತೆರಿಗೆ ಕಚೇರಿಗೆ ನನ್ನ ಪಟ್ಟಿ ಹೋಗಲು ಆರು.
ಮೀನು ಕಾರ್ಖಾನೆಯ ಊಟದ ಕೋಣೆ,
ಸಂಘದ ಖಜಾಂಚಿ ನಾನು, ಗುನ್ವೂರ್:
ಅರವತ್ಮೂರು ಹೆಸರು, ಹೆಸರಿನೆದುರು ವರ್ಷದ ವಂತಿಗೆ.

ನೂರು ಕೊಟ್ಟವರಿಗೆ ಇಪ್ಪತ್ತೆರಡು ಮರಳುತ್ತದೆ.
ಫಾರಮ್ಮಿನಲ್ಲಿ ಇದರ ಹೆಸರು ಕಡಿತ.
ಕಡಿತವೆಂದರೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ:
ಯೂರ್ಗಿತಾಳ ಎಡಗೈ ಹೆಬ್ಬೆರಳು,
ಒಂದು ಬೆಳಿಗ್ಗೆ ಇಲ್ಲವಾದ ರಾತ್ರಿ ಪಾಳಿ,
ಕಾಡ್ ಮೀನಿನ ಬೆನ್ನೆಲುಬಿನ ಗುಂಟ ಜಾರುವ ಅಲಗು.
ಕೈಗೆ ಏನಾದರೂ ಇಟ್ಟು ಹೋಗುವ ಕಡಿತ
ಇದೊಂದೇ.

ನಲವತ್ತೊಂದನೆಯ ಸಾಲಿಗೆ ಬಂದು ನಿಂತೆ.
ಟೂರ್ಲೈವ್. ಐಸ್ ಯಂತ್ರದವನು.
ನವೆಂಬರ್ ಹದಿನಾಲ್ಕಕ್ಕೆ ತೀರಿಕೊಂಡ,
ವಂತಿಗೆ ಮಾತ್ರ ಡಿಸೆಂಬರ್‌ವರೆಗೆ ಕಟ್ಟಿದ್ದ.
ಸಂಬಳದಲ್ಲಿ ಹಿಡಿಯಲು ಬಿಡುತ್ತಿರಲಿಲ್ಲ ಆಸಾಮಿ,
ಪ್ರತಿ ವರ್ಷ ಮುಂಗಡ, ಲಕೋಟೆಯಲ್ಲಿ ನೋಟು.
ಬ್ಯಾಂಕನ್ನು ನಂಬುತ್ತಿರಲಿಲ್ಲ, ನನ್ನನ್ನೂ ಅಷ್ಟಕ್ಕಷ್ಟೇ,
ಎದುರಿಗೆ ನಿಂತು ರಸೀದಿ ಬರೆಸಿಕೊಂಡೇ ಹೋಗುತ್ತಿದ್ದ.

"ಧಣಿಯ ಮೇಲಿನ ಜಗಳಕ್ಕೆ ದೊರೆಯ ಚಿಲ್ಲರೆ"
ಎಂದು ನಗುತ್ತಿದ್ದ, ಜೂನ್‌ನಲ್ಲಿ ದುಡ್ಡು ಮರಳಿದಾಗ.
ಅಷ್ಟಕ್ಕೂ ಕಾಫಿಪುಡಿ ತಂದು ಈ ಕಪಾಟಿನಲ್ಲಿಟ್ಟು
ಏನೂ ಆಗದವನಂತೆ ಯಂತ್ರದ ಕಡೆ ನಡೆಯುತ್ತಿದ್ದ.
ಸಂಘ ಬಿಟ್ಟವರೂ ಅದನ್ನೇ ಕುಡಿದರು.
ನನಗೆ ಸಿಟ್ಟು ಬಂದಿತ್ತು ಒಮ್ಮೆ.
"ಕುಡಿಯಲಿ ಬಿಡು, ಸಕ್ಕರೆ ನಾನು ತಂದಿಲ್ಲವಲ್ಲ."

ಈಗ ಹೇಳಿ, ಎಷ್ಟು ತಿಂಗಳು ಬರೆಯಲಿ?
ಕಚೇರಿಗೆ ಫೋನು ಮಾಡಿದೆ.
ನಿಮ್ಮ ಸರದಿ ಮೂವತ್ತೊಂದು ಎಂದಿತು ಒಂದು ದನಿ,
ಆಮೇಲೆ ಪಿಟೀಲು, ಆಮೇಲೆ ಮತ್ತೆ ಅದೇ ಪಿಟೀಲು.
ಇಟ್ಟುಬಿಟ್ಟೆ.
ಕೂಡಿದೆ, ಕಳೆದೆ, ತಾಳೆ ನೋಡಿದೆ.
ನಾವು ಕೂಡಿ ಕಳೆದದ್ದು ಇಪ್ಪತ್ತಾರು ಚಳಿಗಾಲ,
ಅದನ್ನು ತುಂಬಲು ಯಾವ ಕಾಲಮ್ಮೂ ಇಲ್ಲ.

ಹನ್ನೆರಡು ಎಂದೇ ಬರೆದೆ.
ಕೊಟ್ಟವನು ಕೊಟ್ಟಿದ್ದಾನೆ, ಲೆಕ್ಕ ಲೆಕ್ಕವೇ.

ನಲವತ್ತೆರಡು: ಐಲಿ. ಹೊಸಬಳು, ಒಂದೇ ತಿಂಗಳು.
ಅವನ ಯಂತ್ರ, ಅವನ ಕೊಕ್ಕೆಗೆ ಅವಳ ಕೋಟು;
ಕೈಗವಸು ದೊಡ್ಡದಾಗುತ್ತದೆ ಎಂದಳು ನಿನ್ನೆ,
ವಂತಿಗೆ ಕೊಟ್ಟು ಹಾಗೇ ಓಡಿದಳು.
ರಸೀದಿ ಕೇಳಲಿಲ್ಲ.
ಬರೆದಿಟ್ಟಿದ್ದೇನೆ.