ಹಾಲಮ್ಮನ ಪಾಳಿ

ಮೊದಲ ಒಲೆ ಆರಿ ಎರಡನೆಯದು ಹೊತ್ತುವ ನಡುವೆ
ನಮಗಿರುವುದು ಅರ್ಧ ತಾಸು.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ನೆಲಕ್ಕೆ
ಜೈನಾಬಿ ಇದ್ದಿಲಲ್ಲಿ ಚೌಕಾಬಾರದ ಮನೆ ಬರೆಯುತ್ತಾಳೆ.
ಗೆರೆ ಯಾವತ್ತೂ ಸೊಟ್ಟ.

ಅವಳವು ಹುಣಸೆಬೀಜ, ಗೌರಕ್ಕನವು ಜೋಳದ ದಂಟು,
ನನ್ನವು ಉಸುಕಿನಲ್ಲಿ ಆರಿಸಿದ ಬೆಣಚುಕಲ್ಲು.
ನಾಲ್ಕನೆಯ ಕಡೆ ಹಸಿರು ಬಳೆಚೂರು,
ಜರಡಿ ಆಡಿಸುವಾಗ ಒಡೆದದ್ದು, ಹಾಲಮ್ಮನದು.
ಹೋಗಿ ಮೂರು ತಿಂಗಳಾಯಿತು.
ಎದೆ ತುಂಬ ಹೊಗೆ ಅಂದರು ಆಸ್ಪತ್ರೆಯಲ್ಲಿ.

ಮೂವರೇ ಆಡಬಹುದಿತ್ತು.
ಯಾರೂ ಹಾಗೆನ್ನಲಿಲ್ಲ.
ಅವಳ ಪಾಳಿಗೆ ಹತ್ತಿರ ಕೂತವರು ಕವಡೆ ಹಾಕುತ್ತೇವೆ,
ಬಿದ್ದಷ್ಟೇ ನಡೆಸುತ್ತೇವೆ.
ನಮ್ಮ ನಮ್ಮ ಪಾಳಿಯಲ್ಲಿ ಕಳ್ಳಾಟ ಉಂಟು:
ಗೌರಕ್ಕ ಸೆರಗಿನಡಿ ಒಂದು ಮನೆ ಜಾಸ್ತಿ ಸರಿಸುವುದು
ಮಾಲೀಕನಿಗೂ ಗೊತ್ತು.
ಹಾಲಮ್ಮನ ಕಾಯಿಗೆ ಮಾತ್ರ
ಯಾರ ಬೆರಳೂ ಸುಳ್ಳಾಡಿಲ್ಲ.

ಇವತ್ತು ಅವಳಿಗೆ ನಾನು ಹಾಕಿದೆ. ಚೌಕ.
ನಡೆಸಿ, ಮತ್ತೆ ಹಾಕಿದೆ. ಮೂರು.
ಮೂರನೆಯ ಮನೆಯಲ್ಲಿ ಕೂತಿತ್ತು ನನ್ನದೇ ಕಲ್ಲು,
ಇನ್ನೊಂದು ಬಿದ್ದಿದ್ದರೆ ಹಣ್ಣಾಗುತ್ತಿತ್ತು.
ಕೈ ಒಂದು ಗಳಿಗೆ ತಡೆಯಿತು, ಸುಳ್ಳೇಕೆ.
ಜೈನಾಬಿ ಎಲೆಯಡಿಕೆ ಅಗಿಯುತ್ತ
ನನ್ನ ಕೈಯನ್ನೇ ನೋಡಿದಳು.

ಕಡಿದೆ.
ನನ್ನ ಕಾಯನ್ನು ನಾನೇ ಎತ್ತಿ ಮನೆಗೆ ಕಳಿಸಿದೆ.
ಗೌರಕ್ಕ ಬಿದ್ದು ಬಿದ್ದು ನಕ್ಕಳು, ನನಗೂ ತಡೆಯಲಿಲ್ಲ,
“ಅಯ್ಯೋ ನಿನ್ನ, ಸತ್ತಮೇಲೂ ಬಿಡಲಿಲ್ಲವಲ್ಲೇ ಹಾಲಿ!”

ಕಡಿದವಳಿಗೆ ಇನ್ನೊಂದು ಪಾಳಿ.
ಕವಡೆ ಕುಲುಕುತ್ತಿದ್ದೆ,
ಒಲೆಗೆ ಹೊಟ್ಟು ಸುರಿದ ಸದ್ದು.
ಹಾಗೇ ಎಲ್ಲವನ್ನೂ ಜರಡಿ ಮುಚ್ಚಿ ಎದ್ದೆವು.

ನಾಳೆ ಅವಳೇ ಮೊದಲು.